ಬುಡವಿಲ್ಲದ ಅಣಬೆ

"ಈ ಪುಟದಲ್ಲಿರೋ ಎಲ್ಲಾ ಅಣಬೆಗೂ ಬುಡ ಇದೆ. ಇದೊಂದಕ್ಕೆ ಮಾತ್ರ ಇಲ್ಲ. ಯಾಕೆ ಸರ್?" ಎಂದ ಖಾಸಗಿ ಪತ್ತೇದಾರ ಪಾಲಾಕ್ಷ.

ವರದರಾಜ ಕನ್ನಡಕವನ್ನು ಹಣೆಗೇರಿಸಿ ಪತ್ರಿಕೆಯ ಮೇಲೆ ಬಾಗಿದ. ಲಂಡನ್ನಿನಿಂದ ಕೊರಿಯರ್‌ನಲ್ಲಿ ಬಂದಿದ್ದ ಅಕ್ಟೋಬರ್ ಸಂಚಿಕೆ ಅದು. ಕಾಡಿನ ಅಣಬೆಗಳ ಬಗ್ಗೆ ಎರಡು ಪುಟದ ಲೇಖನ. ನಡುವೆ ಎರಡು ದೊಡ್ಡ ಚಿತ್ರಗಳು. ಒಂದರ ಅಡಿಯಲ್ಲಿ 'ತಿನ್ನಬಹುದು', ಇನ್ನೊಂದರ ಅಡಿಯಲ್ಲಿ 'ಮುಟ್ಟಬೇಡಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆದರೆ ಚಿತ್ರಗಳು ಅದಲುಬದಲಾಗಿದ್ದವು.

ಅದನ್ನು ನಂಬಿ ಅಣಬೆ ಬೇಯಿಸಿ ತಿಂದ ಅಲ್ಲಿನ ಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರು ಆಸ್ಪತ್ರೆಯಲ್ಲಿದ್ದರು. ಪುಟ ತಯಾರಾದದ್ದು ಹಾಸನದ ಈ ಆಫೀಸಿನಲ್ಲಿ, ಅನುಶ್ರೀಯ ಕಂಪ್ಯೂಟರಿನಲ್ಲಿ. ಅನುಶ್ರೀ ಮೊನ್ನೆಯಿಂದ ಕಾಣೆಯಾಗಿದ್ದಳು.

"ಬುಡ ಕ್ರಾಪ್ ಆಗಿದೆ. ಚೌಕಟ್ಟಿನಿಂದ ಆಚೆ ಹೋಗಿದೆ ಅಷ್ಟೆ," ಎಂದ ವರದರಾಜ.

"ತಾನಾಗೇ ಹೋಗತ್ತಾ?"

ವರದರಾಜ ಮತ್ತೆ ಪುಟದ ಮೇಲೆ ಬಾಗಿದ. ಹೊಳೆನರಸೀಪುರದಲ್ಲಿ ಅವನ ತಂದೆ ಮದುವೆ ಕಾಗದ ಅಚ್ಚು ಮಾಡುತ್ತಿದ್ದವರು. ಮಗ ಹಾಸನದ ಬಿ.ಎಂ. ರಸ್ತೆಗೆ ಬಂದು ವರದ ಗ್ರಾಫಿಕ್ಸ್ ತೆರೆದ. ಲಂಡನ್ನಿನ ಕಂಪನಿಯೊಂದು ಖರ್ಚು ಉಳಿಸಲು ತನ್ನ ಪುಟವಿನ್ಯಾಸದ ವಿಭಾಗವನ್ನೇ ಮುಚ್ಚಿ, ಕೆಲಸವನ್ನೆಲ್ಲ ಇವನಿಗೆ ಕೊಟ್ಟಿತ್ತು. ಅಲ್ಲಿಂದ ಬರಹ, ಚಿತ್ರಗಳು ಇಂಟರ್ನೆಟ್ಟಿನಲ್ಲಿ ಬರುತ್ತಿದ್ದವು. ಇಲ್ಲಿಂದ ಪುಟಗಳು ಹೋಗುತ್ತಿದ್ದವು. ಅಲ್ಲಿ ಉಳಿಸಿಕೊಂಡಿದ್ದ ಒಬ್ಬನೇ ಒಬ್ಬ ಅವನ್ನು ನೋಡಿ ಅಚ್ಚಿಗೆ ಕಳಿಸುತ್ತಿದ್ದ.

"ಇಲ್ಲ," ಎಂದ ವರದರಾಜ ಕೊನೆಗೆ. "ಎರಡು ಫೋಟೋನೂ ಒಂದೇ ಅಳತೆ. ಅದಲುಬದಲು ಮಾಡಿದ್ರೂ ಪೂರ್ತಿ ಕೂರ್ಬೇಕು. ಇದನ್ನ ಯಾರೋ ದೊಡ್ಡದು ಮಾಡಿ ಕೆಳಕ್ಕೆ ತಳ್ಳಿದ್ದಾರೆ."

"ಈ ಸಾಲು ಓದಿ."

ವರದರಾಜ ಓದಿದ. ಬುಡದಲ್ಲಿ ಚೀಲದಂಥ ಪೊರೆ ಇದ್ದರೆ ಆ ಅಣಬೆ ವಿಷ ಎಂದು ಲೇಖನದಲ್ಲೇ ಬರೆದಿತ್ತು.

"ಬುಡ ಕಾಣಿಸಿದ್ರೆ ಲಂಡನ್ನಲ್ಲಿ ನೋಡೋನಿಗೆ ಗೊತ್ತಾಗಿಬಿಡ್ತಿತ್ತು," ಎಂದ ಪಾಲಾಕ್ಷ. "ಅದಕ್ಕೇ ಬುಡ ಹೋಯ್ತು. ಇದು ಕೈತಪ್ಪಿ ಆದದ್ದಲ್ಲ ಸರ್. ಲೇಖನ ಓದಿದೋರು ಮಾಡಿದ್ದು. ನಿಮ್ಮ ಹುಡುಗರು ಓದ್ತಾರಾ?"

"ಅವರಿಗೆ ಅಕ್ಷರ ಅಂದ್ರೆ ಬೂದು ಬಣ್ಣದ ಚೌಕ. ಓದೋದು ನಾನು, ರಂಜನಿ. ಆಮೇಲೆ ಕೇದಾರ್. ನಮ್ಮ ಹಿರಿಯ ಡಿಸೈನರ್ ಶ್ರೀಗೌರಿ ಯಜಮಾನ್ರು. ಅರಕಲಗೂಡು ಕಾಲೇಜಲ್ಲಿ ಇಂಗ್ಲಿಷ್ ಮೇಷ್ಟ್ರು, ಆಗಾಗ ಬಂದು ಪ್ರೂಫ್ ನೋಡಿಕೊಡ್ತಾರೆ."

"ಪುಟ ಬದಲಾದ ಮಧ್ಯಾಹ್ನ ಇವರೆಲ್ಲ ಎಲ್ಲಿದ್ರು?"

"ನಾನು ಇಲ್ಲೇ ಇದ್ದೆ. ರಂಜನಿ ಮನೇಲಿ. ಶ್ರೀಗೌರಿ ಅರ್ಧ ದಿನ ರಜಾ ಹಾಕಿದ್ಲು. ಕೇದಾರ್ ಅವತ್ತು ಬಂದಿರಲಿಲ್ಲ."

ಗಾಜಿನ ಬಾಗಿಲು ತಳ್ಳಿಕೊಂಡು ವರದರಾಜನ ಹೆಂಡತಿ ರಂಜನಿ ಒಳಗೆ ಬಂದಳು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಲಂಡನ್ನಿನ ಫೋನುಗಳಿಗೆ ಉತ್ತರಿಸುವುದು ಅವಳ ಕೆಲಸ.

"ಅವಳು ಸಿಕ್ಕಿದ್ಲಾ?" ಎಂದು ಕೇಳಿದಳು, ಹೆಸರು ಹೇಳದೆ.

"ಹುಡುಕ್ತಿದ್ದೀವಿ ಮೇಡಂ."

"ಸಿಗ್ತಾಳೆ ಬಿಡಿ. ಇವರು ಊಟ ಬಿಟ್ಟು ಕೂತಿದ್ದಾರೆ ಅಂತ ಗೊತ್ತಾದ್ರೆ ಓಡಿ ಬರ್ತಾಳೆ." ರಂಜನಿ ಗಂಡನ ಕಡೆ ನೋಡಲಿಲ್ಲ. "ಲಂಡನ್ನಲ್ಲಿ ಅವಳಿಗೆ ಮೂರು ತಿಂಗಳು ಟ್ರೈನಿಂಗು. ಜೊತೆಗೆ ಇವರೂ ಹೊರಟಿದ್ರು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನನ್ನ ಇಲ್ಲೇ ಇರೋ ಶೆಟ್ಟಿಹಳ್ಳಿ ಚರ್ಚಿಗೂ ಕರ್ಕೊಂಡು ಹೋಗಿಲ್ಲ."

"ರಂಜನಿ, ಈಗ ಬೇಡ."

"ಯಾವಾಗ ಬೇಕು ಹೇಳಿ, ಆಗ ಮಾತಾಡ್ತೀನಿ," ಎಂದು ಅವಳು ಹೊರಟುಹೋದಳು.

ವರದರಾಜ ಬಾಗಿಲು ಸರಿಯಾಗಿ ಮುಚ್ಚಿಕೊಂಡು ಬಂದ. ಕುಳಿತು ಪೇಪರ್‌ವೆಯ್ಟ್ ತಿರುಗಿಸಿದ.

"ಒಂದು ವಿಷಯ ಯಾರಿಗೂ ಹೇಳಿಲ್ಲ. ಲಂಡನ್ನಿನವರು ಮೊದಲು ಕೇಳಿದ್ದು ಅನುಶ್ರೀನ ಅಲ್ಲ. ಶ್ರೀಗೌರೀನ. ಖುಷಿಯಾಗಿ ಅವಳ ಮನೆಗೆ ಫೋನ್ ಮಾಡಿದೆ. ಕೇದಾರ್ ತಗೊಂಡ್ರು, ನಾನೇ ಹೇಳ್ತೀನಿ ಅಂದ್ರು. ಮಾರನೇ ದಿನ ಅವರೇ ಫೋನ್ ಮಾಡಿ, ಅವಳಿಗೆ ಇಷ್ಟ ಇಲ್ಲ, ನಿಮ್ಮ ಮುಖ ನೋಡಿ ಇಲ್ಲ ಅನ್ನೋಕೆ ಸಂಕೋಚ ಪಡ್ತಾಳೆ, ದಯವಿಟ್ಟು ಮತ್ತೆ ಕೇಳ್ಬೇಡಿ ಅಂದ್ರು. ನಾನೂ ಕೇಳಲಿಲ್ಲ."

"ಶ್ರೀಗೌರಿ ಯಾವತ್ತೂ ಆ ಮಾತು ಎತ್ತಲಿಲ್ವಾ?"

"ಇಲ್ಲ. ಅನುಶ್ರೀ ಹೆಸರು ಹೇಳಿದ ದಿನ ಕೈ ಕುಲುಕಿ, ನೆಟ್ಟಗೆ ಅವಳ ಸೀಟಿಗೆ ಹೋಗಿ ಕೂತ್ಲು. ಸಂಜೆವರೆಗೂ ಏಳಲಿಲ್ಲ."

ಪಾಲಾಕ್ಷ ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ.

"ಚಿತ್ರ ಬದಲಾಗಿದೆ ಅಂತ ಬೇರೆ ಯಾರಿಗೆ ಗೊತ್ತು?"

"ಸಂಚಿಕೆ ಬಂದಿದ್ದೇ ಇವತ್ತು. ನನಗೆ, ನಿಮಗೆ. ಅಣಬೆ ಪುಟದಲ್ಲಿ ತಪ್ಪಾಗಿದೆ ಅಂತ ಮಾತ್ರ ಮಿಕ್ಕವರಿಗೆ ಹೇಳಿದ್ದೀನಿ."

"ಹಾಗೇ ಇರಲಿ."

*

ಹೊಳೆನರಸೀಪುರದ ಕೋಟೆ ಕಡೆಯ ಬೀದಿಯಲ್ಲಿ ಶ್ರೀಗೌರಿಯ ಮನೆ. ಪಾಲಾಕ್ಷ ಬೈಕು ನಿಲ್ಲಿಸಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಆರೋಗ್ಯ ಸರಿಯಿಲ್ಲವೆಂದು ಅವಳು ಎರಡು ದಿನದಿಂದ ಆಫೀಸಿಗೆ ಹೋಗಿರಲಿಲ್ಲ.

ಅವಳು ಹಜಾರದಲ್ಲಿ ಗಂಡನ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಮೂವತ್ತೈದರ ಆಸುಪಾಸಿನ, ತೆಳ್ಳಗಿನ, ನೇರವಾಗಿ ನಿಲ್ಲುವ ಹೆಂಗಸು.

"ಬನ್ನಿ ಪಾಲಾಕ್ಷ ಅವ್ರೆ. ಬರ್ತೀರ ಅಂತ ಗೊತ್ತಿತ್ತು. ಕೂತ್ಕೊಳಿ."

"ಆರೋಗ್ಯ ಹೇಗಿದೆ ಮೇಡಂ?"

"ಆರೋಗ್ಯಕ್ಕೇನಾಗಿಲ್ಲ. ಆಫೀಸಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೆ. ಅದಕ್ಕೆ ಹೋಗಿಲ್ಲ."

"ಯಾಕೆ ನೋಡ್ತಾರೆ?"

ಅವಳು ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದಳು. "ಅನುಶ್ರೀ ಲಂಡನ್ನಿಗೆ ಹೋಗೋದು ತಪ್ಪಿದ್ರೆ ಯಾರಿಗೆ ಸಂತೋಷ ಅಂತ ಯೋಚನೆ ಮಾಡಿದ್ರೆ ಮೊದಲು ಬರೋ ಹೆಸರು ನನ್ನದೇ ಅಲ್ವಾ?"

"ಹೊಟ್ಟೆಕಿಚ್ಚು ಇತ್ತಾ ಮೇಡಂ?"

ಕೇಳಬಾರದ ಪ್ರಶ್ನೆಯೇನೋ ಎಂದು ಪಾಲಾಕ್ಷನಿಗೇ ಅನ್ನಿಸಿತು. ಆದರೆ ಅವಳು ಸಿಟ್ಟಾಗಲಿಲ್ಲ.

"ಇತ್ತು. ಈಗಲೂ ಇದೆ."

ಅಂಗಿ ಮಗುಚಿ ಹಾಕಿದಳು.

"ಚನ್ನರಾಯಪಟ್ಟಣದ ಕಡೆಯಿಂದ ಬಸ್ಸಲ್ಲಿ ಬರ್ತಿದ್ಲು. ಮೌಸ್ ಹಿಡಿದ್ರೆ ಕೈ ಬೆವರೋದು. ಅವಳ ಕೈ ಮೇಲೆ ಕೈ ಇಟ್ಟು ಕಲಿಸಿದೋಳು ನಾನು. ಎಲ್ಲಿ ಜಾಗ ಬಿಡಬೇಕು, ಎಲ್ಲಿ ಬಿಡಬಾರದು, ಹೆಡ್ಡಿಂಗ್ ಎಷ್ಟು ದಪ್ಪ ಇದ್ರೆ ಕಣ್ಣಿಗೆ ಹಿತ, ಎಲ್ಲಾ. ಮೊದಮೊದಲು ಲಂಡನ್ನಿನ ಮೇಲ್ ನನ್ನ ಹೆಸರಿಗೆ ಬರೋದು. ಆಮೇಲೆ ಇಬ್ಬರ ಹೆಸರಿಗೆ. ಆಮೇಲೆ ಅವಳ ಹೆಸರಿಗೆ ಮಾತ್ರ."

"ನಿಮಗೆ ಅವಳ ಮೇಲೆ ಸಿಟ್ಟಿತ್ತು."

"ಸಿಟ್ಟು ಬಂದಿದ್ರೆ ಒಳ್ಳೇದಿತ್ತು, ಬೈದುಬಿಡ್ತಿದ್ದೆ. ಅವಳು ಹೊಸ ಚಪ್ಪಲಿ ಹಾಕ್ಕೊಂಡು ಬಂದ್ರೆ ಇದು ಲಂಡನ್ನಿಗೆ ಅಂತ ತಗೊಂಡಿದ್ದು ಅನ್ನಿಸೋದು. ಅವಳ ಕಂಪ್ಯೂಟರ್ ಕೆಟ್ಟು ನಿಂತ ದಿನ ನನಗೆ ಊಟ ರುಚಿಸೋದು. ಒಂದ್ಸಲ ಅವಳು ಮಾಡಿದ ಮುಖಪುಟ ನೋಡಿ ಬಾತ್‌ರೂಮಿಗೆ ಹೋಗಿ ಅತ್ತೆ. ಅಷ್ಟು ಚೆನ್ನಾಗಿತ್ತು ಅದು. ನಾನು ಮಾಡೋಕೆ ಆಗ್ತಿರಲಿಲ್ಲ."

ಅವಳ ದನಿ ಎಲ್ಲೂ ಏರಲಿಲ್ಲ. ಅದೇ ಪಾಲಾಕ್ಷನಿಗೆ ಕೇಳಲು ಕಷ್ಟವಾಯಿತು.

"ಇಷ್ಟೆಲ್ಲ ನನ್ನ ಹತ್ರ ಯಾಕೆ ಹೇಳ್ತಿದ್ದೀರಿ?"

"ನೀವು ಬೇರೆಯವರ ಬಾಯಲ್ಲಿ ಕೇಳ್ತೀರಿ. ಅವರು ಸರಿಯಾಗಿ ಹೇಳಲ್ಲ." ಅವಳು ಮೊದಲ ಸಲ ನೇರವಾಗಿ ನೋಡಿದಳು. "ಆದ್ರೆ ಅವಳ ಪುಟ ನಾನು ಮುಟ್ಟಲ್ಲ. ಅದು ನನ್ನ ಕೈಕೆಲಸ ಇದ್ದ ಹಾಗೆ. ಅವಳಿಗೆ ಬಂದಿರೋದೆಲ್ಲ ನನ್ನದೇ ತಾನೇ."

ಪಾಲಾಕ್ಷ ನೀರು ಕುಡಿದು ಲೋಟ ಕೆಳಗಿಟ್ಟ. ಇನ್ನು ಹೇಳದೆ ವಿಧಿಯಿರಲಿಲ್ಲ.

"ಲಂಡನ್ನಿನವರು ಮೊದಲು ಕೇಳಿದ್ದು ನಿಮ್ಮನ್ನ, ಮೇಡಂ."

ಇಸ್ತ್ರಿ ಪೆಟ್ಟಿಗೆ ನಿಂತಿತು.

"ವರದರಾಜ ಅವರು ಇಲ್ಲಿಗೆ ಫೋನ್ ಮಾಡಿದ್ರು. ನಿಮಗೆ ಇಷ್ಟ ಇಲ್ಲ ಅಂತ ಉತ್ತರ ಹೋಯ್ತು."

"ಯಾರಿಂದ?"

ಪಾಲಾಕ್ಷ ಇಸ್ತ್ರಿಯಾಗುತ್ತಿದ್ದ ಅಂಗಿಯ ಕಡೆ ನೋಡಿದ. ಅವಳ ಕೈಯಡಿ ಅಂಗಿಯಿಂದ ಸುಟ್ಟ ವಾಸನೆ ಬರತೊಡಗಿತು. ಅವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು. ಬಿಳಿ ಅಂಗಿಯ ಬೆನ್ನ ಮೇಲೆ ಕಂದು ಗುರುತು ಮೂಡಿತ್ತು.

"ಆರು ತಿಂಗಳು," ಎಂದಳು. "ಆರು ತಿಂಗಳಿಂದ ಎದುರಿಗೆ ಕೂತು ಊಟ ಮಾಡಿದ್ದಾರೆ. ನಾನು ಅನ್ನ ಕಲಸ್ತಾ ಸುಮ್ಮನೆ ಕೂತಿದ್ರೆ, ನಿನ್ನಂಥೋಳನ್ನ ಬಿಟ್ಟು ಆ ಹುಡುಗೀನ ಕಳಿಸ್ತಾರಲ್ಲ, ಅವರಿಗೆ ಬುದ್ಧಿ ಇಲ್ಲ ಅಂತ ಸಮಾಧಾನ ಹೇಳಿದ್ದಾರೆ. ನಾನು ಅವರ ಮಾತು ಕೇಳಿ ಅವಳನ್ನ ದ್ವೇಷಿಸ್ತಿದ್ದೆ."

"ಅವರು ಯಾಕೆ ಹಾಗೆ ಮಾಡಿದ್ರು?"

"ಮದುವೆಯಾದಾಗ ಈ ಮನೇಲಿ ಇಂಗ್ಲಿಷ್ ಬರ್ತಿದ್ದುದು ಅವರೊಬ್ಬರಿಗೆ. ಈಗ ನನಗೂ ಬರುತ್ತೆ." ಅಷ್ಟು ಹೇಳಿ ಅವಳು ಸುಟ್ಟ ಅಂಗಿಯನ್ನು ನಾಲ್ಕು ಮಡಿಕೆ ಮಾಡಿ, ಮಿಕ್ಕ ಅಂಗಿಗಳ ಮೇಲೆ ಅಚ್ಚುಕಟ್ಟಾಗಿ ಇಟ್ಟಳು.

ಪಾಲಾಕ್ಷನ ಮೊಬೈಲು ರಿಂಗಾಯಿತು. ವರದರಾಜ. ದನಿ ಗುರುತೇ ಸಿಗದಷ್ಟು ಬದಲಾಗಿತ್ತು.

"ಆಯಮ್ಮ ತೀರಿಕೊಂಡ್ರಂತೆ. ಈಗ ತಾನೇ ಲಂಡನ್ನಿಂದ ಫೋನು. ಅವರ ಲಾಯರು ಇಲ್ಲಿನ ಪೊಲೀಸಿಗೆ ಕಂಪ್ಲೇಂಟ್ ಕೊಡೋಕೆ ಹೇಳಿದ್ದಾರೆ. ನಾಳೆ ಬೆಳಗ್ಗೆ ಅನುಶ್ರೀ ಹೆಸರಲ್ಲೇ ಕೊಡ್ಬೇಕು, ಇಲ್ಲದಿದ್ರೆ ಅಲ್ಲಿಗೆ ಕಾಂಟ್ರಾಕ್ಟ್ ಮುಗೀತು. ನಾನೇನು ಮಾಡ್ಲಿ ಹೇಳಿ."

"ಬೆಳಗ್ಗೆವರೆಗೆ ಟೈಮ್ ಇದೆಯಲ್ಲ ಸರ್. ಸುಮ್ಮನಿರಿ," ಎಂದು ಪಾಲಾಕ್ಷ ಫೋನಿಟ್ಟ.

ಶ್ರೀಗೌರಿ ಅವನನ್ನೇ ನೋಡುತ್ತಿದ್ದಳು. ಅವನು ಹೇಳಿದ. ಅವಳು ಕೇಳಿಸಿಕೊಂಡಳು. ಗೋಡೆಗೆ ಒರಗಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅನುಶ್ರೀನ ಹಿಡೀತಾರಾ?"

"ಅವಳ ಪಾಸ್‌ವರ್ಡು. ಓಡಿ ಬೇರೆ ಹೋಗಿದ್ದಾಳೆ. ಯಾರೇ ಆಗ್ಲಿ ಅವಳನ್ನೇ ಹಿಡೀತಾರೆ."

"ಹಾಗಾದ್ರೆ ಬರ್ಕೊಳಿ. ಆ ಪುಟ ಬದಲಾಯಿಸಿದ್ದು ನಾನು."

ಪಾಲಾಕ್ಷ ಬರೆದುಕೊಳ್ಳಲಿಲ್ಲ. "ನೀವು ಅವತ್ತು ಮಧ್ಯಾಹ್ನ ರಜಾ."

"ಹೊರಟೋಳು ವಾಪಸ್ ಹೋದೆ. ಎಲ್ಲರೂ ಟೀಗೆ ಹೋಗಿದ್ರು. ಅವಳ ಪಾಸ್‌ವರ್ಡ್ ಹಾಕಿಕೊಟ್ಟೋಳೇ ನಾನು."

"ಏನು ಬದಲಾಯಿಸಿದ್ರಿ?"

"ಅಡಿಬರಹ. ತಿನ್ನಬಹುದು ಅನ್ನೋದನ್ನ ಆ ಕಡೆ ಹಾಕಿ, ಮುಟ್ಟಬೇಡಿ ಅನ್ನೋದನ್ನ ಈ ಕಡೆ ಹಾಕಿದೆ. ಅವಳಿಗೆ ಬೈಗುಳ ಬೀಳಲಿ ಅಂತ. ಯಾರೋ ತಿಂದು ಸಾಯ್ತಾರೆ ಅಂತ ಅಂದ್ಕೊಂಡಿರಲಿಲ್ಲ."

ಪಾಲಾಕ್ಷ ಚೀಲದಿಂದ ಪತ್ರಿಕೆ ತೆಗೆದು ಅವಳ ಮುಂದೆ ಬಿಡಿಸಿದ.

"ಅಕ್ಷರವನ್ನ ಯಾರೂ ಮುಟ್ಟಿಲ್ಲ ಮೇಡಂ. ಬದಲಾಗಿರೋದು ಚಿತ್ರ."

ಅವಳು ಪುಟ ನೋಡಿದಳು. ಬಹಳ ಹೊತ್ತು ನೋಡಿದಳು. ಹೇಳಿದ ಸುಳ್ಳು ಬಯಲಾದದ್ದಕ್ಕಿಂತ, ಚಿತ್ರದ ಬುಡ ಕತ್ತರಿಸಿದ ರೀತಿಯೇ ಅವಳನ್ನು ಹಿಡಿದು ನಿಲ್ಲಿಸಿದಂತಿತ್ತು.

"ಯಾರನ್ನ ಉಳಿಸ್ತಿದ್ದೀರಿ?" ಎಂದು ಪಾಲಾಕ್ಷ ಮೆಲ್ಲಗೆ ಕೇಳಿದ. "ನಿಮ್ಮ ಯಜಮಾನ್ರನ್ನಾ? ಇಷ್ಟು ಮಾಡಿದ ಮೇಲೂ?"

ನಡುಮನೆಯ ಬಾಗಿಲು ಕಿರುಗುಟ್ಟಿತು.

"ಅಕ್ಕ ಸುಳ್ಳು ಏಳ್ತಾವ್ರೆ ಸಾ."

ಹೊಸಿಲಿನಲ್ಲಿ ಅನುಶ್ರೀ ನಿಂತಿದ್ದಳು. ತಲೆ ಬಾಚಿರಲಿಲ್ಲ, ಕಣ್ಣು ಊದಿಕೊಂಡಿತ್ತು. ಮೈಮೇಲೆ ಶ್ರೀಗೌರಿಯ ಸೀರೆ.

"ಒಳಗಿರು ಅಂದೆನಲ್ಲೇ," ಎಂದಳು ಶ್ರೀಗೌರಿ.

"ಎಷ್ಟೊತ್ತು ಇರ್ಲಿ ಅಕ್ಕ? ನಿಮ್ಮ ತಲೆ ಮೇಲೆ ಆಕ್ಕೊಳೋದ ಕೇಳುಸ್ಕೊಂಡು ಅಂಗೇ ಕೂರ್ಲಾ?"

ಹಾಸನದ ಪಕ್ಕದ ದುದ್ದದ ಕಡೆಯವನಾದ ಪಾಲಾಕ್ಷನ ಬಾಯಿಗೆ ಮನೆಯ ಮಾತು ತಾನಾಗಿ ಬಂತು. "ಯಾಕವ್ವಾ ಇಂಗ್ ಮಾಡ್ದೆ? ನೆನ್ನೆ ನಿಮ್ಮೂರಿಗೆ ಓಗಿದ್ದೆ. ನಿಮ್ಮವ್ವ ಲಕ್ಕಮ್ಮೋರು ಎರಡು ದಿನದಿಂದ ಒಲೆ ಅಚ್ಚಿಲ್ಲ."

ಅನುಶ್ರೀ ಕಣ್ಣೊರೆಸಿಕೊಂಡಳು. "ಊರಲ್ಲಿದ್ರೆ ಪೊಲೀಸ್ನೋರು ಅಪ್ಪನ್ನ ಎಳ್ಕೊಂಡ್ ಓಯ್ತಾರೆ ಅಂದ್ಕಂಡೆ ಸಾ. ಇನ್ನೆಲ್ಲಿಗೆ ಓಗ್ಲಿ? ಅಕ್ಕನ ಬಿಟ್ರೆ ನಂಗ್ಯಾರಿದ್ದಾರೆ ಈ ಕಡೆ?"

ಶ್ರೀಗೌರಿ ಬಂದು ಅವಳ ಪಕ್ಕ ನಿಂತು ಕೈ ಹಿಡಿದುಕೊಂಡಳು. ಹೊಟ್ಟೆಕಿಚ್ಚು ಇದೆ ಎಂದು ಈಗಷ್ಟೇ ಒಪ್ಪಿಕೊಂಡವಳು, ಮೊನ್ನೆಯಿಂದ ಆ ಹುಡುಗಿಗೆ ತನ್ನ ಸೀರೆ ಉಡಿಸಿ ಅನ್ನ ಹಾಕಿದ್ದಳು.

"ಪಟ ಬದ್ಲಾಯ್ಸಿದ್ದು ನಾನೇ ಸಾ," ಎಂದಳು ಅನುಶ್ರೀ. "ಬುಡ ಕತ್ತರಿಸಿದ್ದೂ ನಾನೇ."

"ಯಾಕೆ?"

"ಲಂಡನ್ನಿಂದ ಫೋನ್ ಬಂತು. ಎಲ್ಲಾ ಟೀಗೆ ಓಗಿದ್ರು, ನಾನೇ ಎತ್ತಿದೆ. ಇಂಗ್ಲಿಷು. ಎರಡು ಪಟ ಉಲ್ಟಾ ಕೂತವೆ, ಅದಲುಬದಲು ಮಾಡು, ಎರಡ್ನೇದು ಕೆಳಗಡೆ ಮಣ್ಣು ಕಾಣ್ತದೆ, ದೊಡ್ಡದು ಮಾಡಿ ಅದನ್ನ ತೆಗೆದಾಕು ಅಂದ್ರು. ಯಾವಾಗ್ಲೂ ಅಂಗೇ ಏಳ್ತಾರೆ. ನಾನು ಮಾಡಿ ಕಳಿಸ್ಬುಟ್ಟೆ."

"ಇದನ್ನ ಯಾರಿಗಾದ್ರೂ ಹೇಳಿದ್ದಾ?"

"ಯಾರು ನಂಬ್ತಾರೆ? ನಾವು ಫೋನೇ ಮಾಡಿಲ್ಲ ಅಂದ್ಬುಡ್ತಾರೆ ಲಂಡನ್ನೋರು. ಅಕ್ಕಂಗೂ ಏಳಿಲ್ಲ. ಬಂದಾಗಿಂದ ಬರೀ ಅತ್ತಿದ್ದೇ ಆಯ್ತು."

ಪಾಲಾಕ್ಷನ ಲೆಕ್ಕವೆಲ್ಲ ತಲೆಕೆಳಗಾಯಿತು. ಇಷ್ಟು ಹೊತ್ತು ಅವನು ಹುಡುಕಿದ್ದು ಆ ಮಧ್ಯಾಹ್ನ ಆಫೀಸಿನಲ್ಲಿ ಇದ್ದವರನ್ನು. ಈಗ ಹುಡುಕಬೇಕಾದದ್ದು ಇಲ್ಲದವರನ್ನು.

"ನಿಜವಾಗ್ಲೂ ಲಂಡನ್ನೋರೇ ಇರಬೌದಲ್ಲವ್ವಾ. ಕೆಲಸ ಕಳ್ಕೊಂಡೋರು ಅಲ್ಲೂ ಅವ್ರೆ."

ಅನುಶ್ರೀ ತಲೆಯಾಡಿಸಿದಳು. "ಅಲ್ಲ ಸಾ. ಅಲ್ಲಿನೋರ ಯಾರ ಬಾಯಿಗೂ ನನ್ನೆಸ್ರು ಬರಲ್ಲ. ಆನಾ, ಆನಾ ಅಂತಾರೆ. ಈ ಫೋನಲ್ಲಿ ಅನುಶ್ರೀ ಅಂತ ನೆಟ್ಟಗೆ ಕರೆದ್ರು. ಶ್ರೀ ಅನ್ನೋದ ನಮ್ಮಂಗೇ ಅಂದ್ರು. ಆವಾಗ ಗಮನಕ್ಕೆ ಬರ್ಲಿಲ್ಲ. ಆಮೇಲೆ ಯೋಚನೆ ಮಾಡ್ತಾ ಮಾಡ್ತಾ ಒಳೀತು. ಇಂಗ್ಲಿಷ್ನ ಅವರಂಗೆ ಎಳೆದು ಮಾತಾಡಿದ್ರು, ಎಸರಲ್ಲಿ ಸಿಕ್ಕಾಕ್ಕೊಂಡ್ರು."

ಹೊರಗೆ ಗೇಟಿನ ಚಿಲಕದ ಸದ್ದಾಯಿತು. ಅರಕಲಗೂಡಿನ ಬಸ್ಸಿಳಿದು ಬಂದ ಕೇದಾರ್ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದ. ಹಜಾರದ ಕಿಟಕಿಯಿಂದ ಅವನು ಕಾಣುತ್ತಿದ್ದ. ಕೈಯಲ್ಲಿ ಪುಸ್ತಕದ ಚೀಲ, ಮೇಷ್ಟ್ರ ಬಿಳಿ ಅಂಗಿ. ಪಕ್ಕದ ಮನೆಯವರ ಮಾತಿಗೆ ಏನೋ ಉತ್ತರ ಕೊಟ್ಟು ನಕ್ಕ. ಸ್ಪಷ್ಟವಾದ, ತರಗತಿಯಲ್ಲಿ ಪಳಗಿದ ದನಿ.

ಪಾಲಾಕ್ಷ ಅನುಶ್ರೀಯ ಕಡೆ ಬಾಗಿದ.

"ಸರಿಯಾಗಿ ಕೇಳಿಸ್ಕೊಂಡು ಏಳವ್ವಾ. ಫೋನಲ್ಲಿ ಕೇಳಿದ್ದು ಈ ದನಿಯಾ?"

ಅನುಶ್ರೀ ಕಿವಿಗೊಟ್ಟಳು. ಆಮೇಲೆ ಪಾಲಾಕ್ಷನನ್ನು ಅರ್ಥವಾಗದವಳಂತೆ ನೋಡಿದಳು.

"ಮೇಷ್ಟ್ರಾ? ಅಲ್ಲ ಸಾ. ಗಂಡಸರು ಅಂತ ನಾನು ಏಳೇ ಇಲ್ವಲ್ಲ. ಅದು ಎಂಗಸಿನ ದನಿ."

ಶ್ರೀಗೌರಿ ಹಿಡಿದಿದ್ದ ಕೈ ಬಿಟ್ಟಳು.

ಪಾಲಾಕ್ಷ ಅದನ್ನು ನೋಡಿದ. ಅಡಿಬರಹ ಎಂದು ತಪ್ಪು ಉತ್ತರ ಕೊಟ್ಟವಳು ಸರಿಯಾದದ್ದು ಗೊತ್ತಿದ್ದೇ ಕೊಟ್ಟಿರಬಹುದು ಎಂದು ಅವನಿಗೆ ಆಗ ಹೊಳೆಯಿತು. ಏನಾದರೂ ಕೇಳುವಷ್ಟರಲ್ಲಿ ಕೇದಾರ್ ಬಾಗಿಲಲ್ಲಿ ನಿಂತಿದ್ದ. ಅವನು ಅಪರಿಚಿತನಾದ ಪಾಲಾಕ್ಷನನ್ನು ನೋಡಲಿಲ್ಲ. ಮನೆಯಲ್ಲಿ ಅಡಗಿದ್ದ ಅನುಶ್ರೀ ಹಜಾರಕ್ಕೆ ಬಂದು ನಿಂತಿದ್ದಳಲ್ಲ, ಅವಳನ್ನೂ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡಿ, ದನಿ ತಗ್ಗಿಸಿ ಕೇಳಿದ.

"ಗೌರಿ, ಅವತ್ತು ಮಧ್ಯಾಹ್ನ ನೀನು ಮಾಡಿದ ಫೋನಿನ ವಿಷಯ ಇವರಿಗೆ ಹೇಳಿಬಿಟ್ಟೆಯಾ?"